ಹುಟ್ಟು ಹಿಡಿಯದೆ ಕೂತವಳು

ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದು, ಕೆಳಗಿನ ಒಣ ಹೊಳೆಯಲ್ಲಿ ನೀರು ಹರಿಯತೊಡಗಿ ಹನ್ನೊಂದು ದಿನವಾಗಿತ್ತು. ಯಮುನಾ ಬಸ್ಸಿಳಿದು ದಂಡೆಗೆ ಬರುವಷ್ಟರಲ್ಲಿ ವಿನೋದ್ ರಾಫ್ಟಿಗೆ ಗಾಳಿ ತುಂಬಿ ಮುಗಿಸಿದ್ದ. ಇಬ್ಬರೂ ಒಟ್ಟಿಗೆ ಕಯಾಕ್ ಎಂಬ ಕಿರುದೋಣಿ ನಡೆಸಲು ಕಲಿತವರು. ಹೊಳೆಯಲ್ಲಿ ನೀರಿರುವಷ್ಟು ದಿನ ಜನರನ್ನು ರಾಫ್ಟಿನಲ್ಲಿ ಮೂರು ಕಿಲೋಮೀಟರ್ ಕರೆದೊಯ್ಯುವ ಕೆಲಸ ಹಿಡಿದಿದ್ದ ಅವನಿಗೆ ಆವತ್ತು ಒಂದಾಳು ಕಡಿಮೆ ಬಿದ್ದಿತ್ತು.

"ನೀನು ಹುಟ್ಟು ಹಾಕೋದೇನೂ ಬ್ಯಾಡ. ಮುಂದೆ ಕುಂತ್ಕಂಡು ಬಂಡೆ ಎಲ್ಲೈತೆ ಅಂತ ಹೇಳು, ಸಾಕು," ಎಂದು ಬೆಳಿಗ್ಗೆ ಫೋನಿನಲ್ಲಿ ಗೋಗರೆದಿದ್ದ.

ಇಲ್ಲ ಎನ್ನುವುದಕ್ಕೂ ಅವಳಿಗೆ ಸುಸ್ತು. ಆರು ತಿಂಗಳ ಹಿಂದೆ ಘಟ್ಟದ ಹೊಳೆಯೊಂದರಲ್ಲಿ ಕಯಾಕ್ ಮಗುಚಿ, ತಲೆಕೆಳಗಾದವಳು ಹುಟ್ಟು ಮೀಟಿ ಮೇಲೇಳಲು ಹೋದಾಗ ಬಲಭುಜದ ಕೀಲು ತಪ್ಪಿತ್ತು. ನೀರಿನೊಳಗೆ ಕಣ್ಣು ಬಿಟ್ಟುಕೊಂಡೇ ಇದ್ದಳು. ಕೈ ಮಾತ್ರ ಬೇರೆ ಯಾರದೋ ಎಂಬಂತೆ ಸೆಳವಿನಲ್ಲಿ ತೂಗುತ್ತಿತ್ತು. ಆಮೇಲೆ ಆಪರೇಷನ್, ಕೈಗೆ ಕೊರಳಿನಿಂದ ತೂಗುವ ಪಟ್ಟಿ, ಹೊಸದುರ್ಗದಿಂದ ಚಿತ್ರದುರ್ಗಕ್ಕೆ ವಾರಕ್ಕೆರಡು ಸಲ ಓಡಾಟ. ಅಲ್ಲಿ ವ್ಯಾಯಾಮ ಮಾಡಿಸುತ್ತಿದ್ದ ಏಕಾಂತಪ್ಪನವರು ಹದಿನೈದು ದಿನದ ಹಿಂದೆ ತೋಳನ್ನು ಎತ್ತಿಸಿ, ತಿರುಗಿಸಿ ನೋಡಿ, "ಕೂಡ್ಕಂಡೈತೆ ಕಣಮ್ಮ. ಇನ್ನು ನಿಧಾನಕ್ಕೆ ಹುಟ್ಟು ಹಿಡಿಬೋದು," ಎಂದಿದ್ದರು.

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ, "ಇನ್ನೂ ಬ್ಯಾಡ ಅಂದಾರೆ," ಎನ್ನುತ್ತಿದ್ದಳು.

ರಾಫ್ಟಿನಲ್ಲಿ ಹೊಳಲ್ಕೆರೆಯಿಂದ ಬಂದ ನಾಲ್ವರು ಬ್ಯಾಂಕ್ ನೌಕರರು ಹುಟ್ಟು ಹಿಡಿದು ಕೂತಿದ್ದರು. ಹಿಂದೆ ವಿನೋದ್. ಮುಂದೆ ಯಮುನಾ, ಅವಳ ಬಲಕ್ಕೆ ಎತ್ತಪ್ಪ. ಅರವತ್ತು ದಾಟಿದ ಈ ಕುರಿಗಾಹಿಯ ಹಟ್ಟಿ ರಾಫ್ಟ್ ಇಳಿಸುವ ಜಾಗದ ಪಕ್ಕದಲ್ಲೇ ಇತ್ತು. "ಒಂದ್ಸಲ ನನ್ನೂ ಕರ್ಕಂಡು ಹೋಗ್ರಿ," ಎಂದು ದಿನವೂ ಕೇಳುತ್ತಿದ್ದ. ಲೈಫ್ ಜಾಕೆಟ್ಟಿನ ಮೇಲೆ ಕಂಬಳಿ ಹೊದೆಯಬಾರದೆಂದು ಅವನನ್ನು ಒಪ್ಪಿಸುವುದಕ್ಕೇ ಹತ್ತು ನಿಮಿಷ ಹಿಡಿದಿತ್ತು.

"ಯಾಕವ್ವ, ನಿನಗೂ ಕೋಲು ಕೊಡ್ಲಿಲ್ವ?"

"ಕೈ ನೋವೈತೆ ಅಜ್ಜ."

"ಹಂಗಾದ್ರೆ ಇಬ್ರೂ ಸುಮ್ನೆ ನೋಡ್ಕಂತ ಹೋಗಾಣ ಬಿಡು."

ಮೊದಲ ತಿರುವಿನಾಚೆ ಹೊಳೆ ಬೆಳ್ಳಗೆ ನೊರೆಯೆದ್ದು ಮೊರೆಯುತ್ತಿತ್ತು. ಎಡಕ್ಕೆ ನೀರು ನುಣ್ಣಗೆ ಜಾರುವುದು ಕಂಡು ಯಮುನಾ, "ಎಡಕ್ಕೆ!" ಎಂದು ಕೂಗಿದಳು. ಎತ್ತಪ್ಪ ಅವಳ ಮೊಣಕಾಲು ಹಿಡಿದುಕೊಂಡ.

"ಅಲ್ಲಿ ಬ್ಯಾಡವ್ವ! ಅದರ ಅಡಿಗೆ ಚೂಪು ಬಂಡೆ ಐತೆ. ಹೊಳೆ ಒಣಗಿದ್ದಾಗ ದಿನಾ ಅದರ ನೆಳ್ಳಲ್ಲೇ ಬುತ್ತಿ ಉಣ್ತಿದ್ದೆ."

ಅವಳಿಗೆ ಗೊತ್ತಿದ್ದುದು ನೀರಿನ ಮೈ. ಅವನು ಆ ಹೊಳೆಯ ನೆಲದಲ್ಲೇ ನಡೆದಾಡಿದವನು. "ಬಲಕ್ಕೆ, ಬಲಕ್ಕೆ!" ಎಂದಳು. ವಿನೋದ್ ಶಕ್ತಿಯೆಲ್ಲ ಹಾಕಿ ತಿರುಗಿಸಿದ. ರಾಫ್ಟಿನ ಬಾಲ ಆ ಬಂಡೆಗೆ ತಾಗಿ ಒಮ್ಮೆಲೇ ಕುಪ್ಪಳಿಸಿತು. ಬಂಡೆ ತೋರಿಸಲು ಅರ್ಧ ಎದ್ದು ನಿಂತಿದ್ದ ಎತ್ತಪ್ಪ ನೀರಿಗೆ ಬಿದ್ದ.

ಯೋಚಿಸಲು ಹೊತ್ತಿರಲಿಲ್ಲ. ಅವಳ ಬಲಗೈ ಹೋಗಿ ಅವನ ಜಾಕೆಟ್ಟಿನ ಪಟ್ಟಿಯನ್ನು ಹಿಡಿದಿತ್ತು. ಈಗ ಕೀಲು ಬಿಟ್ಟಿತು, ಈಗ ಬಿಟ್ಟಿತು ಎಂದು ಹಲ್ಲು ಕಚ್ಚಿ ಕಾದಳು. ಭುಜ ಉರಿಯಿತು, ಕೀಲು ಬಿಡಲಿಲ್ಲ.

"ಹುಟ್ಟು ಒಳಗಿಟ್ಟು ಎಳೀರಿ!" ಎಂದು ಅರಚಿದಾಗ ಬ್ಯಾಂಕಿನವರಿಬ್ಬರು ಬಾಗಿ ಮುದುಕನನ್ನು ಒಳಕ್ಕೆಳೆದರು. ಅವನು ನೀರು ಉಗುಳಿ, ಕೆಮ್ಮಿ, "ಕಾಲಿಗೆ ಸಿಕ್ತು ಕಣವ್ವ ಬಂಡೆ. ಅಲ್ಲೇ ಐತೆ," ಎಂದ.

ರಾಫ್ಟ್ ದಡ ಸೇರಿದ ಮೇಲೆ ಬ್ಯಾಂಕಿನವರು ಎತ್ತಪ್ಪನ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಯಮುನಾ ದೂರದಲ್ಲಿ ಮರಳಿನ ಮೇಲೆ ಕುಸಿದು ಕೂತಳು. ವಿನೋದ್ ಓಡಿ ಬಂದ.

"ಕೈ ಹೆಂಗೈತೆ? ಏಕಾಂತಪ್ಪನೋರು ಬೈತಾರೆ ನೋಡು."

"ಬೈಯಲ್ಲ. ಅವರು ಹುಟ್ಟು ಹಿಡಿ ಅಂದು ಹದಿನೈದು ದಿನ ಆತು. ನಾನೇ ಸುಳ್ಳು ಹೇಳ್ತಿದ್ದೆ."

ವಿನೋದ್ ಅವಳ ಮುಖ ನೋಡಿದ. "ಭಯಾನಾ?"

"ಮೊದಲು ಭಯ ಇತ್ತು. ಈಗ ಬರೀ ಸುಸ್ತು. ಮತ್ತೆ ಮೊದ್ಲಿಂದ ಶುರು ಮಾಡ್ಬೇಕಲ್ಲ ಅಂತ ನೆನೆಸ್ಕಂಡ್ರೆ ಸಾಕಾಗೋಗ್ತೈತೆ. ವಾಸಿ ಆತು ಅಂದ್ರೆ ಎಲ್ರೂ ಯಾವಾಗ ನೀರಿಗೆ ಇಳೀತೀಯ ಅಂತಾರೆ."

ಅವನು ಒದ್ದೆ ಅಂಗಿ ಹಿಂಡುತ್ತ ಪಕ್ಕದಲ್ಲಿ ಕೂತ. "ನಾನಂತೂ ನಾಳೆ ಬಾ ಅನ್ನಲ್ಲ," ಎಂದ.

"ಅನ್ಬ್ಯಾಡ."

ಆರು ತಿಂಗಳಲ್ಲಿ ಯಾರೊಬ್ಬರೂ ಅವಳಿಗೆ ಮನಸ್ಸು ಇಷ್ಟು ಹಗುರಾಗುವ ಮಾತು ಆಡಿರಲಿಲ್ಲ. ದಡಕ್ಕೆಳೆದಿಟ್ಟಿದ್ದ ರಾಫ್ಟಿಗೆ ಒರಗಿ ಕಣ್ಣು ಮುಚ್ಚಿದವಳಿಗೆ ಬಿಸಿಲಿನಲ್ಲೇ ನಿದ್ದೆ ಹತ್ತಿತು. ರಾಫ್ಟ್ ಒಯ್ಯಲು ಬಂದ ಟೆಂಪೊ ಡ್ರೈವರ್ ಹಾರ್ನ್ ಹೊಡೆಯಲು ಹೋದಾಗ ವಿನೋದ್ ಬೇಡವೆಂದು ಕೈಸನ್ನೆ ಮಾಡಿ, ಅವಳು ತಾನಾಗಿ ಏಳಲಿ ಎಂದು ಕಾಯುತ್ತ ಕೂತ.