ಕೆಂಪು ಗೆರೆಗೆ ಇನ್ನು ನಾಲ್ಕು ಬೆರಳು

ಟಕ್, ಟಕ್ — ಯಾರೋ ಬಾಗಿಲು ಬಡಿಯುತ್ತಿದ್ದಾರೆ, ಮಧ್ಯಾಹ್ನ ಮೂರಕ್ಕೇ ಕವಿದ ಈ ಕತ್ತಲಲ್ಲಿ ವಿದ್ಯುತ್ ಉಪಕೇಂದ್ರಕ್ಕೆ ಬರುವವರಾದರೂ ಯಾರು ಎಂದು ಇಂಜಿನಿಯರಮ್ಮ ಕಿಟಕಿಯಲ್ಲಿ ಇಣುಕಿದರೆ ಯಾರೂ ಇಲ್ಲ, ತೇಲಿಬಂದ ಖಾಲಿ ಪೀಪಾಯಿ, ಅದನ್ನು ಬಾಗಿಲಿಗೆ ತಳ್ಳುತ್ತಿರುವ ಸಮುದ್ರ, ಇಲ್ಲಿಗೆ ಒಂದು ಮೈಲಿ ದೂರದ ಸಮುದ್ರ — ದೂರವಿದ್ದ ಸಮುದ್ರ. ಮರಳುಮೂಟೆಗಳು ಹರಿದು ಒಳಗೂ ನೀರು ಮೊಣಕಾಲಿನ ಹತ್ತಿರಕ್ಕೆ ಬಂದಿದೆ, ಗೋಡೆಯ ಕೆಂಪು ಗೆರೆಗೆ ಇನ್ನು ನಾಲ್ಕು ಬೆರಳು, ಆ ಗೆರೆಯ ಮಟ್ಟಕ್ಕೇ ಕಟ್ಟಿದ ಕಟ್ಟೆಯ ಮೇಲೆ ಊರಿಗೆಲ್ಲ ಕರೆಂಟು ಹಂಚುವ ಪೆಟ್ಟಿಗೆಗಳು ಗುಂಯ್‌ಗುಡುತ್ತಿವೆ, ನೀರು ಮುಟ್ಟಿದರೆ ಸಿಡಿಯುತ್ತವೆ, ಸಿಡಿದರೆ ತಿಂಗಳುಗಟ್ಟಲೆ ಕತ್ತಲು, ಮೊದಲೇ ಆರಿಸಿದರೆ ಆಸ್ಪತ್ರೆಯೂ ಆರುತ್ತದೆ, ಅಲ್ಲಿ ಗಾಜಿನ ಪೆಟ್ಟಿಗೆಯ ಕಾವಿನಲ್ಲಿ ಅಕ್ಕನ ಕೂಸು, ಏಳು ತಿಂಗಳಿಗೇ ಹುಟ್ಟಿದ್ದು, ಚಿಕ್ಕಮ್ಮನ ಬೆರಳು ಹಿಡಿದರೆ ಬಿಡುವುದೇ ಇಲ್ಲ. ಬೆಳಿಗ್ಗೆ ಫೋನಿನಲ್ಲಿ ಭಾವ, ಇಲ್ಲಿ ಜನರೇಟರಿಗೆ ನಾಲ್ಕು ಗಂಟೆಯ ಡೀಸೆಲ್ ಮಾತ್ರ ಇದೆಯಂತೆ ಕಣಮ್ಮ, ಇರಲಿ ಬಿಡು, ಕರೆಂಟಿನ ಮನೆಯಲ್ಲೇ ನೀನಿದ್ದೀಯ, ನಮಗೇನು ಭಯ — ಆದರೆ ಈ ನೀರು ಇಳಿಯಲು ಎಂಟು ಗಂಟೆಯಾದರೂ ಬೇಕು.

ಕಟ್ಟೆ ಇನ್ನೊಂದು ಮೊಳ ಎತ್ತರವಿದ್ದಿದ್ದರೆ. ಮೇಜಿನ ಮೇಲೆ ಕುಕ್ಕರಗಾಲಿನಲ್ಲಿ ಕೂತ ಮುದಿ ಲೈನ್‌ಮನ್, ಎಲ್ಲರ ಬಾಯಲ್ಲಿ ಕಂಬದಜ್ಜ, ಗೊಣಗುತ್ತಲೇ ಇದ್ದಾನೆ, ಹೋದ ಸಲ ಹೊರಗೆ ಸೊಂಟದ ತನಕ ಬಂದಿತ್ತಮ್ಮ, ಒಳಗೆ ಮೊಣಕಾಲು ದಾಟಲಿಲ್ಲ, ಯಾಕಂದ್ರೆ ಬಾಗಿಲಿಗೆ ಮೂಟೆ ಒಟ್ಟಿದ್ದು ನಾನು, ಯಾವನೋ ಪುಣ್ಯಾತ್ಮ ಒಳಗಿನ ಕಲೆ ನೋಡ್ಕೊಂಡು ಗೆರೆ ಎಳೆದು ಹೋಗಿದ್ದಾನೆ, ಸಮುದ್ರ ಏನು ಅವನ ಹಿತ್ತಲ ಬಾವೀನಾ, ಹೇಳಿದಲ್ಲಿ ನಿಲ್ಲೋಕೆ? ಅವಳು ಮುಖ್ಯ ಸ್ವಿಚ್ಚಿನ ಹಿಡಿಗೆ ಕೈ ಹಾಕುತ್ತಾಳೆ, ಹೊರಗಿನ ಕಲೆಯನ್ನು ಮಳೆ ತೊಳೆದುಬಿಟ್ಟಿತ್ತು, ಸಂಜೆಯೊಳಗೆ ವರದಿ ಬೇಕೆಂದು ಮೇಲಿನವರ ಅವಸರ, ಒಳಗಿನದು ನೇರವಾಗಿ, ಅಚ್ಚುಕಟ್ಟಾಗಿ ಇತ್ತು, ಇಂಥ ನೆರೆ ಇನ್ನು ನೂರು ವರ್ಷಕ್ಕೆ ಎಂದಿತ್ತು ಪುಸ್ತಕ, ಆಗಿದ್ದು ನಾಲ್ಕೇ ವರ್ಷ, ಗೆರೆಗೆ ಈಗ ಎರಡೇ ಬೆರಳು —

ಹಿಡಿ ಇಳಿಸಿದಳು. ಗುಂಯ್ ನಿಂತಿತು, ಊರು ಆರಿತು, ಎಲ್ಲೋ ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಮುಷ್ಟಿಯೊಂದು — ನಾಲ್ಕು ಗಂಟೆ, ನಾಲ್ಕೇ — ಅಳೋದು ಆಮೇಲಮ್ಮ, ಅಟ್ಟದ ಮೇಲೆ ನಮ್ಮದೇ ಎರಡು ಕ್ಯಾನ್ ಡೀಸೆಲ್ ಇದೆ, ಬಾಗಿಲು ಬಡೀತಿದ್ದಾನಲ್ಲ ಪೀಪಾಯಿರಾಯ, ಅವನಿಗೇ ಕಟ್ಟಿ ಆಸ್ಪತ್ರೆಗೆ ತೇಲಿಸಿಕೊಂಡು ಹೋಗ್ತೀನಿ, ಇದೇ ನೀರಲ್ಲಿ ಈಜಿ ಬೆಳೆದವನು ನಾನು, ವಾಪಸ್ ಬಂದಾಗ ಮಾತ್ರ ಆ ಪುಣ್ಯಾತ್ಮ ಯಾರು ಅಂತ ನೀವು ಹುಡುಕಿ ಇಟ್ಟಿರಬೇಕು, ಎನ್ನುತ್ತ ಅಜ್ಜ ಬಾಗಿಲು ಎಳೆದ, ಗಾಳಿ ನುಗ್ಗಿತು, ಗೆರೆಯ ತನಕ ಇಳಿಬಿದ್ದಿದ್ದ ಉದ್ದನೆಯ ಕ್ಯಾಲೆಂಡರು, ವರ್ಗವಾಗಿ ಇಲ್ಲಿಗೇ ಮತ್ತೆ ಬಂದ ಮೊದಲ ದಿನವೇ ಅವಳು ಮೊಳೆ ಹೊಡೆದು ನೇತುಹಾಕಿದ್ದು, ಪಟಪಟ ಬಡಿದುಕೊಂಡು ಕಿತ್ತು ನೀರಿಗೆ ಬಿತ್ತು, ಹೊಸ್ತಿಲಲ್ಲಿ ಅಜ್ಜ ತಿರುಗಿದ, ಅವನ ಟಾರ್ಚೂ ತಿರುಗಿತು — ಕೆಂಪು ಗೆರೆ, ಗೆರೆಯ ಮೇಲೆ ದಿನಾಂಕ, ದಿನಾಂಕದ ಪಕ್ಕದಲ್ಲಿ, ಅದೇ ಕೆಂಪು ಬಣ್ಣದಲ್ಲಿ —

ಅವಳ ಹೆಸರು.