ಮೂರನೇ ಹೆಂಡತಿಯೂ ಸತ್ತಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳದು ಬೆಡ್‌ಶೀಟ್ ಮಡಿಸುವ ಕೆಲಸ. ಊಟದ ಬಿಡುವಿನಲ್ಲಿ ಇನ್ನೂ ಬಿಸಿ ಆರದ ರಾಶಿಗೆ ಒರಗಿ ಫೋನಿನಲ್ಲಿ ಕತೆ ಓದುತ್ತಿದ್ದಳು. ಹವ್ಯಾಸಿಗಳು ಬರೆದು ಹಾಕುವ ಕತೆಗಳ ಗುಂಪೊಂದಕ್ಕೆ ಅವಳನ್ನು ಸೇರಿಸಿದ್ದೇ ನಾದಿನಿ. ಅಲ್ಲಿ ಯಾರು ಏನು ಬರೆದರೂ ಕೆಳಗೆ ಅದೇ ಮಾತು: ‘ಸೂಪರ್’, ‘ಕಣ್ಣು ತುಂಬಿ ಬಂತು’.

ಗುಂಪು ನಡೆಸುತ್ತಿದ್ದವರು ನಿವೃತ್ತ ಹೆಡ್‌ಮಾಸ್ಟರು. ಆ ಬುಧವಾರ ಅವರು ಹಾಕಿದ ಕತೆಯಲ್ಲಿ ಹೆಂಡತಿ ಐಸಿಯುನಲ್ಲಿ ಸಾಯುತ್ತಾಳೆ. ಗಂಡ ಆ ‘ಹಾಲಿನಂಥ ಹಾಸಿಗೆ’ಯ ಪಕ್ಕ ಕೂತು ಬದುಕಿನ ಅರ್ಥ ಕಂಡುಕೊಳ್ಳುತ್ತಾನೆ.

ಅವಳು ಎರಡು ಸಲ ಓದಿ, ಬರೆದಳು:

‘ಸರ್, ಭಾಷೆ ಚೆನ್ನಾಗಿದೆ. ಆದರೆ ಈ ವರ್ಷ ನಿಮ್ಮ ಕತೆಗಳಲ್ಲಿ ಸತ್ತ ಮೂರನೇ ಹೆಂಡತಿ ಇವಳು. ಮೂವರೂ ತುಟಿ ಬಿಚ್ಚದೆ ಹೋದರು. ಐಸಿಯುನಿಂದ ಬರುವ ಬೆಡ್‌ಶೀಟ್ ಹಾಲಿನ ಹಾಗಿರುವುದಿಲ್ಲ, ದಿನಾ ನಾನೇ ಮಡಿಸುತ್ತೇನೆ. ರೋಗಿಗಳು ಹಿಡಿದು ಜಗ್ಗಿ ಜಗ್ಗಿ ಅಂಚು ಕಿತ್ತಿರುತ್ತಾರೆ. ಇವಳಿಗೆ ಬದುಕುವ ಆಸೆ ಇರಲಿಲ್ಲವೇ?’

ಅರ್ಧ ಗಂಟೆಯಲ್ಲಿ ಗುಂಪಿಗೆ ಬೆಂಕಿ ಬಿತ್ತು. ‘ನೀವೆಷ್ಟು ಕತೆ ಬರೆದಿದ್ದೀರಿ?’ ಎಂದು ಒಬ್ಬರು. ‘ಬಟ್ಟೆ ಒಗೆಯುವವರೂ ವಿಮರ್ಶಕರಾದರು’ ಎಂದು ಇನ್ನೊಬ್ಬರು. ಅದಕ್ಕೆ ಎಪ್ಪತ್ತು ಜನ ನಕ್ಕಿದ್ದರು.

ನಾದಿನಿಯ ಫೋನ್ ಬಂತು.

“ಅತ್ತಿಗೆ, ಏನ್ ಮಾಡ್ಕೊಂಡ್ರಿ ನೀವು? ಅವರು ನನಗೆ ಪಾಠ ಹೇಳಿದ ಮೇಷ್ಟ್ರು! ಮೊದಲು ಅದನ್ನ ಅಳಿಸಿ.”

“ಸುಳ್ಳು ಬರ್ದಿದೀನಾ?”

“ಸುಳ್ಳೋ ನಿಜಾನೋ, ನಾನು ಹೇಗೆ ಮುಖ ತೋರಿಸಲಿ ಅವರಿಗೆ?”

“ನಿನ್ನ ಮುಖ ನೆಟ್ಟಗೇ ಇದೆ, ತೋರ್ಸು. ನಾನಂತೂ ಅಳಿಸಲ್ಲ.”

ಸ್ವಲ್ಪ ಹೊತ್ತಿಗೆ ಹೆಡ್‌ಮಾಸ್ಟರೇ ಬರೆದರು: ‘ಸಂಜೆಯೊಳಗೆ ಎಲ್ಲರೆದುರು ಕ್ಷಮೆ ಕೇಳಿ. ಇಲ್ಲವಾದರೆ ಗುಂಪಿನಿಂದ ತೆಗೆಯಬೇಕಾಗುತ್ತದೆ.’

ಇಡೀ ದಿನದಲ್ಲಿ ಅವಳದೇ ಎಂದು ಇದ್ದದ್ದು ಆ ಓದಿನ ಅರ್ಧ ಗಂಟೆ ಮಾತ್ರ. ಮೂವತ್ತು ಬೆಡ್‌ಶೀಟ್ ಮಡಿಸುವವರೆಗೆ ಯೋಚಿಸಿದಳು. ಕೈ ಒರೆಸಿಕೊಂಡು ಗುಂಪಿನಲ್ಲೇ ಬರೆದಳು:

‘ಹೌದು, ಬಟ್ಟೆ ಒಗೆಯುವವಳೇ. ಓದುವುದಕ್ಕೆ ಯಾರ ಅಪ್ಪಣೆ ಬೇಕು? ಲೆಕ್ಕಕ್ಕಿಲ್ಲದ ಕತೆಯಾಗಿದ್ದರೆ ಸೂಪರ್ ಎಂದು ಹಾಕಿ ಎದ್ದು ಹೋಗುತ್ತಿದ್ದೆ. ಎರಡು ಸಲ ಓದಿದ್ದಕ್ಕೆ ಕ್ಷಮೆ ಕೇಳುವುದಿಲ್ಲ.’

ಹತ್ತು ನಿಮಿಷದಲ್ಲಿ ಅವಳನ್ನು ತೆಗೆದುಹಾಕಿದರು.

ಎರಡು ದಿನ ಬಿಡುವಿನಲ್ಲಿ ಸುಮ್ಮನೆ ಗೋಡೆ ನೋಡುತ್ತಾ ಕೂತಳು. ಮೂರನೆಯ ದಿನ ಗುರುತಿಲ್ಲದ ಹೆಂಗಸೊಬ್ಬಳ ಸಂದೇಶ ಬಂತು: ‘ನಾನು ಬಸ್ ಕಂಡಕ್ಟರ್. ಗುಂಪಿನಲ್ಲಿ ನನ್ನ ಕತೆಗೆ ನಲವತ್ತು ಸೂಪರ್ ಬಂದವು, ಓದಿದವರು ಒಬ್ಬರೂ ಇರಲಿಲ್ಲ. ನೀವು ಓದಿ ಅಕ್ಕ. ಬೈದರೂ ಸರಿ.’

ಮನೆಯಲ್ಲಿ ಕೂರಲು ಜಾಗವಿಲ್ಲದೆ ದಿನವೂ ಕೊನೆಯ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ಮರಳುವ ಮುದುಕಿಯ ಕತೆ ಅದು. ಓದಿ ಮುಗಿಸಿದಾಗ ಅವಳ ಊಟ ಹಾಗೇ ಇತ್ತು. ಹಿಡಿಸಿದ್ದನ್ನೆಲ್ಲ ಬರೆದು, ಕೊನೆಗೆ ಸೇರಿಸಿದಳು: ‘ಮಗಳು ಬಂದು ಅಳುವ ಪ್ಯಾರಾ ಬೇಡ, ತೆಗೆಯಿರಿ.’

ಕಂಡಕ್ಟರ್ ನೇರ ಫೋನೇ ಮಾಡಿದಳು.

“ತೆಗೆಯಲ್ಲ ಅಕ್ಕ! ಆ ಪ್ಯಾರಾಗೋಸ್ಕರಾನೇ ನಾನು ಕತೆ ಬರ್ದಿದ್ದು.”

“ಯಾಕೆ ಬೇಕು, ಹೇಳು ಮತ್ತೆ!”

“ಹೇಳ್ತೀನಿ. ಮಧ್ಯೆ ಬಾಯಿ ಹಾಕ್ಬೇಡಿ.”

ಅವಳಿಗೆ ಜೋರಾಗಿ ನಗು ಬಂತು. ಬಿಡುವು ಮುಗಿದರೂ ಜಗಳ ಮುಗಿಯಲಿಲ್ಲ. “ನಾಳೆ ಇದೇ ಹೊತ್ತಿಗೆ ಮಾಡು, ಬಿಡಲ್ಲ ನಿನ್ನ,” ಎಂದು ಫೋನ್ ಇಟ್ಟು, ಮೆಷಿನ್ನಿನಿಂದ ಒಣಗಿದ ಬೆಡ್‌ಶೀಟ್ ಎಳೆಯತೊಡಗಿದಳು.