ಮೂರನೇ ಪೈಪು

ಅಣುಸ್ಥಾವರದಲ್ಲಿ ಅಪಘಾತವಾದರೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನಮ್ಮ ಕೆಲಸ. ಇಂಧನಕ್ಕೆ ತಂಪು ನೀರು ಒಯ್ಯುವ ಪೈಪುಗಳಲ್ಲಿ, ಲೆಕ್ಕದಲ್ಲಿ ಯಾವಾಗಲೂ ಒಡೆಯುವುದು ಒಂದನೇ ಪೈಪು. ಇಪ್ಪತ್ತು ವರ್ಷದ ಹಿಂದೆ ದೊಡ್ಡ ಸಾಹೇಬರು ಅದನ್ನೇ ಒಡೆದಿದ್ದರು. ಅವರ ಫೈಲನ್ನು ನಕಲು ಮಾಡಿಕೊಂಡು ಇಷ್ಟು ಜನ ಓದಿದವರು ಕಣ್ಣು ಮುಚ್ಚಿ ಅದನ್ನೇ ಒಡೆಯುತ್ತ ಬಂದೆವು. ನಾನೂ ಒಡೆದೆ, ವರದಿಗೆ ಸಹಿ ಹಾಕಿದೆ.

ಇವತ್ತು ಊಟ ಮುಗಿಸಿ ಬಂದವಳು, ಕೈ ಸುಮ್ಮನಿರದೆ, ಮೂರನೆಯದನ್ನು ಒಡೆದು ನೋಡಿದೆ.

ತುರ್ತು ತಂಪಿನ ನೀರು ಒಳಗೆ ಹೋಗುವುದು ಎರಡು ಕಡೆಯಿಂದ. ಒಂದು ಕಡೆಯದು ಈ ಮೂರನೇ ಪೈಪಿಗೇ ಸೇರುತ್ತದೆ. ಅದೇ ಒಡೆದರೆ ಅರ್ಧ ನೀರು ಇಂಧನವನ್ನು ಮುಟ್ಟದೆ ನೆಲಕ್ಕೆ ಸುರಿದುಹೋಗುತ್ತದೆ. ಪರದೆಯ ಮೇಲೆ ಶಾಖದ ಗೆರೆ ಒಂಬತ್ತನೇ ನಿಮಿಷಕ್ಕೇ ಮಿತಿ ದಾಟಿತು. ನನ್ನ ವರದಿಯಲ್ಲಿದ್ದದ್ದು ಇಪ್ಪತ್ತೆರಡು ನಿಮಿಷ. ಅದನ್ನು ನಂಬಿಯೇ ಸ್ಥಾವರದವರು ನಿಯಮ ಮಾಡಿದ್ದರು: ಗಾಬರಿಯಲ್ಲಿ ತಪ್ಪಾಗಬಾರದು, ಮೊದಲ ಹದಿನೈದು ನಿಮಿಷ ಯಾರೂ ಏನನ್ನೂ ಮುಟ್ಟಕೂಡದು, ಆಮೇಲೆ ಎರಡನೇ ಪಂಪು ಹಾಕಬೇಕು.

ಅಲ್ಲಿನ ನಿಯಂತ್ರಣ ಕೊಠಡಿಯಲ್ಲಿ ಈ ವಾರ ಹಗಲು ಪಾಳಿಯ ಮುಖ್ಯಸ್ಥ ನನ್ನ ತಮ್ಮ.

ಲೆಕ್ಕವನ್ನು ಮತ್ತೆ ಓಡಿಸಿದೆ. ಮತ್ತೆ ಒಂಬತ್ತು. ಕಾಗದ ಹಿಡಿದುಕೊಂಡು ದೊಡ್ಡ ಸಾಹೇಬರ ಕೋಣೆಗೆ ಹೋದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಮೂರನೇದು ಯಾಕೆ ಒಡೆಯುತ್ತೆ ಹೇಳಿ?"

"ಒಂದನೇದು ಯಾಕೆ ಒಡೆಯುತ್ತೆ ಸಾರ್?"

"ಸೋಮವಾರದ ಮೀಟಿಂಗಲ್ಲಿ ಇಡೋಣ ಬಿಡಿ."

ಮೈ ಉರಿದುಹೋಯಿತು. ಪೈಪು ಸೋಮವಾರದವರೆಗೆ ಕಾಯುತ್ತದೆಯೇ? ಹೊರಗೆ ಬಂದು ತಮ್ಮನಿಗೆ ಫೋನ್ ಹಚ್ಚಿದೆ.

"ಏನಕ್ಕಾ, ಡ್ಯೂಟಿ ಟೈಮಲ್ಲಿ?" ಅವನ ದನಿಯಲ್ಲಿ ಖುಷಿಯಿತ್ತು. "ಇವತ್ತು ಇಲ್ಲಿ ಅಣಕು ಯಂತ್ರದ ಮೇಲೆ ಅಪಘಾತದ ಅಭ್ಯಾಸ ಇತ್ತು, ಯಾವ ಪೈಪು ಒಡೆಯುತ್ತೆ ಅಂತ ಮೊದಲೇ ಹೇಳಿರಲಿಲ್ಲ. ನನಗೆ ಕೆಲಸ ಕಲಿಸಿದ ಮುದುಕಪ್ಪ ಮೇಷ್ಟ್ರು ಇದ್ದಾರಲ್ಲ, ಹಳೇ ಆಪರೇಟರ್ರು? ಆರನೇ ನಿಮಿಷಕ್ಕೇ ಪಂಪಿನ ಗುಂಡಿಗೆ ಕೈ ಹಾಕಿಬಿಟ್ಟರು. ನಾನು ಕೈ ಹಿಡ್ಕೊಂಡೆ. 'ಇಲ್ಲೇನೋ ಸರಿ ಇಲ್ಲ ಕಣೋ, ನೀರಿನ ಮಟ್ಟ ಏರ್ತಾ ಇಲ್ಲ' ಅಂತ ಒಂದೇ ಹಟ. ನಮ್ಮಕ್ಕನ ಲೆಕ್ಕ ಇದೆ, ತೆಪ್ಪಗೆ ಕೂತ್ಕೊಳ್ಳಿ ಅಂದೆ."

"ಆಮೇಲೆ?"

"ನಿಯಮ ಮುರಿದ್ರು ಅಂತ ಮೇಲಿನವರಿಗೆ ಬರೆದು ಕಳಿಸ್ದೆ. ಪಾಳಿಯಿಂದ ತೆಗೆದ್ರು. ಪಾಪ, ಅಳ್ತಾ ಹೋದ್ರು."

ಕೈಯಲ್ಲಿದ್ದ ಕಾಗದದ ಮೇಲಿನ ಒಂಬತ್ತನ್ನು ಮತ್ತೊಮ್ಮೆ ನೋಡಿದೆ.

"ಅವರನ್ನ ವಾಪಸ್ ಕರೆಸೋ," ಅಂದೆ. "ಈಗಲೇ ಕರೆಸು. ಅವರು ಬರೋ ತನಕ ಆ ಗುಂಡಿ ಹತ್ರಾನೇ ನಿಂತಿರು. ನನ್ನ ಲೆಕ್ಕ ನಂಬಬೇಡ."

ತಮ್ಮ ನಕ್ಕ. ನಾನು ನಗಲಿಲ್ಲ. ಆಗ ಅವನ ನಗು ನಿಂತಿತು.